ಹಗೇವಿನೊಳಗಿನ ಬಿಸಿಲು

ನಮ್ಮ ಕಡೆ ಮೊದಲು ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಅದೇ ಹಗೇವು. ಈಗ ಕಾಲ ತಿರುಗಿದೆ. ಹಗೇವಿಗೆ ಇಳಿಯುವುದು ಜೋಳವಲ್ಲ, ಜನ.

ರಾಯಚೂರು ಸೀಮೆಯ ಬೇಸಿಗೆ ಮನುಷ್ಯರು ತಡೆಯುವ ಮಟ್ಟ ಮೀರಿದ ಮೇಲೆ ಹಳೆಯ ಗಣಿಯೊಂದನ್ನು ಕೊರೆದು, ಸುರಂಗಗಳಿಗೆ ಬಾಗಿಲಿಟ್ಟು, ತಂಪು ಯಂತ್ರ ಕೂರಿಸಿ ಊರು ಮಾಡಿದರು. ಸರ್ಕಾರ ಅದಕ್ಕೆ ಉದ್ದನೆಯ ಹೆಸರೊಂದನ್ನು ಕೊಟ್ಟಿದೆ. ನಮ್ಮ ಬಾಯಿಗೆ ಅದು ಹಗೇವು. ಯುಗಾದಿಯ ಬೇವುಬೆಲ್ಲ ತಿಂದು ಕೆಳಗಿಳಿದರೆ ಜೂನಿನಲ್ಲಿ ಮಿರಗದ ಮಳೆ ಬೀಳುವವರೆಗೆ ಮೇಲೆ ಹೋಗುವಂತಿಲ್ಲ. ನಡುವೆ ದೊಡ್ಡ ಬಾಗಿಲು ತೆರೆದರೆ ಕಾವು ಒಳನುಗ್ಗಿ ಯಂತ್ರಗಳು ಕೈಚೆಲ್ಲುತ್ತವೆ, ಎಲ್ಲರೂ ಬೇಯುತ್ತೇವೆ. ಹೆರಿಗೆಯಾಗಲಿ, ಸಾವಾಗಲಿ, ಒಳಗೇ ಆಗಬೇಕು.

ನಾನು ಹುಲಿಗೆಮ್ಮ. ಈ ಊರಿನ ಗಾಳಿಕೋಣೆ ನೋಡಿಕೊಳ್ಳುವವಳು. ಯಾವ ಸುರಂಗದಲ್ಲಿ ಎಷ್ಟು ಆಮ್ಲಜನಕ, ಎಲ್ಲಿ ಕೆಟ್ಟ ಗಾಳಿ ಕೂತಿದೆ, ಯಾವ ಫ್ಯಾನು ಮುನಿಸಿಕೊಂಡಿದೆ ಎಂದು ಪರದೆಗಳ ಮುಂದೆ ಕೂತು ನೋಡುವುದು ನನ್ನ ಕೆಲಸ. ಒಬ್ಬರ ಮನೆಯಲ್ಲಿ ಹೆಚ್ಚು ನೆಂಟರು ಸೇರಿದರೂ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಹೀಗಾಗಿ ನನ್ನನ್ನು ಕಂಡರೆ ಜನಕ್ಕೆ ಅಷ್ಟಕ್ಕಷ್ಟೆ. ನಾನೂ ಸಿಹಿ ಮಾತಿನವಳೇನಲ್ಲ.

ಹಗೇವಿಗೆ ನಾಯಿ ಇಳಿಸಬಾರದೆಂದು ಎಲ್ಲರಿಗಿಂತ ಜೋರಾಗಿ ಹೇಳಿದವಳೂ ನಾನೇ. ಗಾಳಿಯ ಲೆಕ್ಕದಲ್ಲಿ ನಾಯಿಯೂ ಒಂದು ಮೂಗು. ಆದರೆ ನಮ್ಮತ್ತೆ ಅಂಬಮ್ಮನ ಕಣ್ಣು ಪೂರ್ತಿ ಹೋಗಿತ್ತು. ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಗಾಳಿಕೋಣೆಗೆ ಹೋದರೆ ಆಕೆ ಗೋಡೆಗೆ ಒರಗಿ ಕೂತಲ್ಲೇ ಕೂತಿರುತ್ತಿದ್ದಳು. ಮೇಲಿನ ಊರಲ್ಲಾದರೆ ಬೇಲಿ, ಕಟ್ಟೆ, ಎಮ್ಮೆಯ ವಾಸನೆ ಹಿಡಿದು ಓಡಾಡಿಯಾಳು. ಇಲ್ಲಿ ಎಲ್ಲ ಸುರಂಗವೂ ಒಂದೇ ಥರ, ಎಲ್ಲ ಗೋಡೆಯೂ ಅದೇ ಕಲ್ಲು. ಒಂದು ವರ್ಷ ಇಳಿಯುವಾಗ ಆಕೆಯ ರೊಟ್ಟಿ ಬುತ್ತಿಯ ಗಂಟು ಕುಂಯ್‌ಗುಟ್ಟಿತು. ಬಿಚ್ಚಿ ನೋಡಿದರೆ ಕಂದು ಬಣ್ಣದ ಮರಿ. ಅದಕ್ಕೆ ಬುತ್ತಿ ಎಂದೇ ಹೆಸರಾಯಿತು. ನಾನು ಬೈದೆ, ಆಮೇಲೆ ಗಾಳಿಯ ಲೆಕ್ಕದಲ್ಲಿ ಒಂದು ಮೂಗು ಸೇರಿಸಿದೆ.

ಬುತ್ತಿಗೆ ಯಾರೂ ಏನೂ ಕಲಿಸಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿದಾದ ಮೇಲೆ ಹಿಟ್ಟು ನಾದುವ ಕೊಣಮಿಗಿಗೆ ಅಂಟಿದ ಕಡೆಯ ಹಿಟ್ಟನ್ನು ಕೆರೆದು ಅಂಗೈಯಗಲದ ಒಂದು ರೊಟ್ಟಿ ಮಾಡುತ್ತಾರೆ. ಅದು ನಾಯಿಯ ಪಾಲು. ನೆಲದ ಮೇಲಿದ್ದಾಗಿನ ಆ ರೂಢಿ ಕೆಳಗೂ ಬಂತು. ಊರಿಗೆಲ್ಲ ಒಂದೇ ನಾಯಿ, ಮನೆಮನೆಯಲ್ಲೂ ಒಂದು ಕಡೆಯ ರೊಟ್ಟಿ. ಅತ್ತೆ ಹಳೆಯ ಸೀರೆಯ ಅಂಚನ್ನು ಹೆಣೆದು ಬುತ್ತಿಯ ಕೊರಳಿಗೆ ಕಟ್ಟಿ, ಇನ್ನೊಂದು ತುದಿ ಕೈಗೆ ಸುತ್ತಿಕೊಂಡು "ನಡಿ" ಅನ್ನುತ್ತಿದ್ದಳು. ಅದು ಬಾಗಿಲಿಂದ ಬಾಗಿಲಿಗೆ ಎಳೆದುಕೊಂಡು ಹೋಗುತ್ತಿತ್ತು. ನಾಯಿಗೆ ರೊಟ್ಟಿಯ ಆಸೆ, ಅತ್ತೆಗೆ ಮಾತಿನ ಆಸೆ. ಎಲ್ಲ ಮನೆಯ ಸುದ್ದಿ ಹೊತ್ತು ತಂದು ರಾತ್ರಿ ಊಟಕ್ಕೆ ನನಗೂ ಬಡಿಸುತ್ತಿದ್ದಳು. ಆ ಹಗ್ಗ ಇರುವವರೆಗೆ ಆಕೆ ಎಲ್ಲೂ ಸಿಕ್ಕಿಬಿದ್ದವಳಲ್ಲ.

ಈ ವರ್ಷ ಬೇಸಿಗೆಯ ನಡುವೆ ಬುತ್ತಿ ನೀರು ಕುಡಿಯತೊಡಗಿತು. ಕುಡಿದಷ್ಟೂ ಸಾಲದು. ಕುಡಿದದ್ದನ್ನೆಲ್ಲ ಕಂಡವರ ಹೊಸ್ತಿಲಲ್ಲಿ ಹುಯ್ಯುತ್ತಿತ್ತು. ಆಮೇಲೆ ವಾಂತಿ ಶುರುವಾಯಿತು. ಹಿಂಗಾಲು ನಡುಗಿದವು. ಒಂದು ಬೆಳಿಗ್ಗೆ ಅತ್ತೆ "ನಡಿ" ಎಂದರೆ ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿ, ಕೂತುಬಿಟ್ಟಿತು.

"ಏ ಹುಲಿಗಿ, ಇದರ ಹೊಟ್ಟಿ ಉರ್‍ಯಾಕತ್ತದ ನೋಡು. ಬಾಯಿ ವಾಸನಿ ಬ್ಯಾರೇನ ಬರ್ತದ" ಎಂದಳು ಅತ್ತೆ. ಹಗ್ಗವನ್ನು ಬಿಡದೆ ನಾಯಿಯ ಪಕ್ಕ ನೆಲದ ಮೇಲೇ ಕೂತಿದ್ದಳು. ಏಳಲು ಹೋದರೆ ಆಕೆಯ ತೊಡೆಯೂ ನೋಯುತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡಿದ್ದೆ.

ನಮ್ಮ ಕಾಂಪೌಂಡರ್ ಯಂಕೋಬ ಬಂದು ನೋಡಿದ. ಮನುಷ್ಯರಿಗೆ ಮದ್ದು ಕೊಡುವವನು. ನಾಯಿಯ ಕಣ್ಣರೆಪ್ಪೆ ಎಳೆದು ನೋಡಿ, ಸುರಂಗಕ್ಕೆಲ್ಲ ಕೇಳುವಂತೆ ತೀರ್ಪು ಕೊಟ್ಟ. "ಬಿಸಿಲಿಲ್ಲದ್ದಕ್ಕ ಶಕ್ತಿಗುಂದ್ಯಾದ. ನಮಗರ ಗುಳಿಗಿ ಅದಾವ, ಪಾಪ ಅದಕ್ಕ ಯಾರು ಅದಾರ?"

ಗುಳಿಗೆಯ ವಿಷಯ ಹೇಳಬೇಕು. ಮನುಷ್ಯರ ಚರ್ಮಕ್ಕೆ ಬಿಸಿಲು ಬಿದ್ದರೆ ಡಿ ಜೀವಸತ್ವ ತಾನೇ ತಯಾರಾಗುತ್ತದೆ. ತಿಂಗಳುಗಟ್ಟಲೆ ನೆಲದಡಿ ಇರುವವರಿಗೆ ಅದು ಹುಟ್ಟುವುದಿಲ್ಲ, ಮೂಳೆ ಸವೆಯುತ್ತದೆ. ಅದಕ್ಕೇ ಇಲ್ಲಿ ತಲೆಗೊಂದರಂತೆ ದಿನಾ ಗುಳಿಗೆ ಹಂಚುತ್ತಾರೆ. ಜೇನಿನ ಬಣ್ಣ, ಒಳಗೆ ಎಣ್ಣೆ. ಬೆಳಕಿಗೆ ಹಿಡಿದರೆ ಹೊಳೆಯುತ್ತದೆ. ಜನ ಅದನ್ನು ಬಿಸಿಲುಗುಳಿಗೆ ಅನ್ನುತ್ತಾರೆ. ಹೊಸ್ತಿಲಲ್ಲಿ ನಿಂತು ಕಣ್ಣು ಮುಚ್ಚಿ ನುಂಗುವವರೂ ಇದ್ದಾರೆ.

ಯಂಕೋಬನ ತೀರ್ಪಾದ ಮೇಲೆ ಬುತ್ತಿ ಇನ್ನಷ್ಟು ಕೆಟ್ಟಿತು. ನಾನು ಮೇಲಿನ ಠಾಣೆಯ ಮೂಲಕ ಪಶುವೈದ್ಯರಿಗೆ ತಂತಿಫೋನು ಹಚ್ಚಿದೆ. ಹಲವಾರು ಹಗೇವುಗಳಿಗೆ ಸೇರಿ ಒಬ್ಬರೇ ಪಶುವೈದ್ಯೆ, ಡಾಕ್ಟರ್ ತಸ್ಲೀಮಾ. ಬೀದರ್ ಕಡೆಯ ಯಾವುದೋ ತಂಪು ಕೋಣೆಯಲ್ಲಿ ಕೂತು ಧ್ವನಿಯಲ್ಲೇ ವೈದ್ಯ ಮಾಡುವವರು. ನಾಯಿಯ ರಕ್ತ ತೆಗೆದು ಮನುಷ್ಯರ ಯಂತ್ರಕ್ಕೇ ಹಾಕಿ ಎಂದರು. ಯಂಕೋಬ ಗೊಣಗುತ್ತ ಹಾಕಿದ. ಪರದೆಯ ಮೇಲೆ ಕ್ಯಾಲ್ಸಿಯಂ ಕೆಂಪಗೆ ಮಿನುಗಿತು.

ನಾನು ಓದಿ ಹೇಳಿದೆ.

"ಹುಲಿಗೆಮ್ಮ, ಆ ನಾಯಿಗಿ ಡಿ ಗುಳಿಗಿ ಯಾರು ಕೊಡ್ಲಿಕತ್ತಾರ?"

"ಯಾರೂ ಇಲ್ರಿ. ಬಿಸಿಲಿಲ್ಲದ್ದಕ್ಕ ಅದಕ್ಕ ಕಮ್ಮಿ ಆಗ್ಯಾದ ಅಂತಾರ ಎಲ್ಲರೂ."

"ಕಮ್ಮಿ ಅಲ್ಲವಾ, ಹೆಚ್ಚಾಗಿ ಸಾಯ್ಲಿಕತ್ತದ." ಅವರ ಧ್ವನಿಯಲ್ಲಿ ಸಿಟ್ಟಿತ್ತು. "ನಾಯಿ ಚರ್ಮ ನಮ್ಮ ಚರ್ಮದಂಗ ಅಲ್ಲ. ಬಿಸಿಲಾಗ ಇಡೀ ದಿನ ಬಿದ್ದಿದ್ರೂ ಅದಕ್ಕ ಡಿ ತಯಾರು ಮಾಡ್ಲಿಕ್ಕ ಬರಲ್ಲ. ಅದಕ್ಕ ಬೇಕಾದಷ್ಟು ಊಟದಾಗೇ ಸಿಗ್ತದ. ನೀವು ಕೆಳಗ ಇಳಿದ್ರಿ ಅಂತ ಅದಕ್ಕೇನೂ ಕಮ್ಮಿ ಆಗಿಲ್ಲ."

ಅವರು ಬಿಡಿಸಿ ಹೇಳಿದರು. ಕೆಲವು ಜೀವಸತ್ವಗಳು ನೀರಲ್ಲಿ ಕರಗುತ್ತವೆ, ಹೆಚ್ಚಾದರೆ ಬಹುಪಾಲು ಉಚ್ಚೆಯಲ್ಲಿ ಹೋಗುತ್ತವೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಕೂಡುತ್ತದೆ. ಕೂಡಿದಷ್ಟೂ ರಕ್ತಕ್ಕೆ ಕ್ಯಾಲ್ಸಿಯಂ ಎಳೆದು ತರುತ್ತದೆ. ಕೊನೆಗೆ ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ.

"ಗುಳಿಗ್ಯಾಗ ಸಿಹಿಗಿ ಏನು ಹಾಕ್ಯಾರ? ಝೈಲಿಟಾಲ್ ಅದೇನು ನೋಡ್ರಿ."

ಡಬ್ಬಿ ಓದಿದೆ. ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ.

"ಅದೊಂದು ಪುಣ್ಯ. ಅದು ನಾಯಿಗಿ ವಿಷ, ಅದಿದ್ರ ಒಂದೇ ದಿನದಾಗ ಮುಗೀತಿತ್ತು. ಮನುಷ್ಯರ ಗುಳಿಗಿ ನಾಯಿಗಿ ಅಂದಾಜಿಗಿ ಕೊಡಬಾರದು. ಕೊಡಲೇಬೇಕಾದ್ರ ತೂಕ ನೋಡಿ, ವೈದ್ಯರಿಗಿ ಕೇಳಿ, ಮನ್ಯಾಗ ಒಬ್ಬರೇ ಕೊಡಬೇಕು. ಈಗ ನನಗ ಎರಡು ಬೇಕು. ಒಂದು, ಇವತ್ತಿಂದ ಒಂದು ಗುಳಿಗೀನೂ ಅದರ ಬಾಯಿಗಿ ಹೋಗಬಾರದು. ಎರಡು, ಇಲ್ಲಿತನ ಎಷ್ಟು ಹೋಗ್ಯಾವ ಅನ್ನೋದು. ಅದು ಗೊತ್ತಾಗದ ಮದ್ದು ಎಷ್ಟು ದಿನ, ಎಷ್ಟು ಜೋರು ಅಂತ ಹೇಳ್ಲಿಕ್ಕ ಆಗಲ್ಲ. ಕೆಳಗ ಇರೋದು ಮನುಷ್ಯರ ಸಲೈನ್, ಸುಮ್ಮ ಸುರೀಲಿಕ್ಕ ಬರಲ್ಲ."

ನಾನು ಮನೆಮನೆಗೆ ಹೋದೆ. ಎಲ್ಲ ಮನೆಯಲ್ಲೂ ಒಂದೇ ಉತ್ತರ. "ನಾವ್ಯಾಕ ಕೊಡಾಮು?" "ಬರೀ ರೊಟ್ಟಿ ಹಾಕೀವಿ." ಎದುರು ಮನೆಯ ಹುಸೇನಬಿಯಂತೂ ಬಾಗಿಲು ಅರ್ಧ ಮುಚ್ಚಿಕೊಂಡೇ ಮಾತಾಡಿದಳು. ಎಲ್ಲರ ಕಣ್ಣೂ ನೆಲ ನೋಡುತ್ತಿದ್ದವು. ಸುಳ್ಳೆಂದು ಗೊತ್ತಾಗುತ್ತಿತ್ತು, ಆದರೆ ಅದು ಕದ್ದವರ ಸುಳ್ಳಲ್ಲ. ನಮ್ಮ ಜನಕ್ಕೆ ಇನ್ನೊಂದು ರೂಢಿ ಇದೆ. ಮೂಕಪ್ರಾಣಿಗೆ ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಬಾರದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು, ಹೇಳಿದರೆ ಪುಣ್ಯ ಹೋಯಿತು. ತಮ್ಮ ಪಾಲಿನ ಗುಳಿಗೆಯನ್ನು ಕಡೆಯ ರೊಟ್ಟಿಯಲ್ಲಿ ಮಡಚಿ ಕೊಡುತ್ತಿದ್ದ ಪ್ರತಿ ಮನೆಯೂ, ಕೊಡುತ್ತಿರುವುದು ನಾವೊಬ್ಬರೇ ಎಂದುಕೊಂಡಿತ್ತು. ನಾಯಿ ಬಸವಳಿದಷ್ಟೂ ಇನ್ನೊಂದು ಮಡಚಿದರು. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಅತಿಯಾಯಿತೆಂದು ತಿಳಿಯಲು ಯಾರಾದರೂ ಕೂಡಿಸಬೇಕಲ್ಲ?

ಗಾಳಿಕೋಣೆಗೆ ವಾಪಸು ಬಂದು ಪರದೆಗಳನ್ನು ನೋಡುತ್ತ ಕೂತೆ. ಈ ಊರಿನ ಉಸಿರಿನ ಲೆಕ್ಕವೆಲ್ಲ ನನ್ನ ಮುಂದಿತ್ತು. ಕೈಯಿಂದ ಬಾಯಿಗೆ ಹೋಗುವುದನ್ನು ಅಳೆಯುವ ಯಂತ್ರವೊಂದೂ ಇರಲಿಲ್ಲ. ಮೇಲೆ ದೊಡ್ಡ ಬಾಗಿಲು, ಅದರಾಚೆ ಬೆಂಕಿ. ನಾಯಿಯನ್ನು ಎತ್ತಿಕೊಂಡು ಓಡಲು ದಾರಿಯಿಲ್ಲ. ನನಗೆ ಅವತ್ತು ಮೊದಲ ಸಲ ಉಸಿರು ಕಟ್ಟಿತು. ಮೀಟರು ನೋಡಿದೆ, ಗಾಳಿ ಸರಿಯಾಗೇ ಇತ್ತು.

ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿ, "ಸಾಯಲಿ ಬಿಡು, ಕೊಂದವರಿಗೇ ಬಾಯಿ ಇಲ್ಲ ಅಂದ ಮ್ಯಾಗ" ಎಂದು ಸಿಟ್ಟು ಕಾರಿದೆ. ಬುತ್ತಿ ಆಕೆಯ ಮಡಿಲಲ್ಲಿ ತಲೆಯಿಟ್ಟು ಮಲಗಿತ್ತು. ಅತ್ತೆ ಬಹಳ ಹೊತ್ತು ಅದರ ಕಿವಿ ಸವರಿದಳು.

"ಲಗ್ನದ ಮನ್ಯಾಗ ಉಂಗುರ ಕಳದ್ರ ನಮ್ಮವ್ವ ಏನು ಮಾಡ್ತಿದ್ಳು ಗೊತ್ತದೇನು? ಗಡಗಿ ಇಟ್ಟು ಮ್ಯಾಲ ಅರಿವಿ ಮುಚ್ಚತಿದ್ಳು. ಎಲ್ಲರೂ ಅರಿವ್ಯಾಗ ಕೈ ಹಾಕಿ ತಗೀಬೇಕು. ಯಾರು ಏನು ಹಾಕಿದ್ರು ಯಾರಿಗೂ ಕಾಣಂಗಿಲ್ಲ. ಉಂಗುರ ಗಡಗ್ಯಾಗ ಬಂದು ಬೀಳ್ತಿತ್ತು." ತಡವಿ ನನ್ನ ಮೊಣಕೈ ಹಿಡಿದಳು. "ಬಾಯಿಲೆ ಹೇಳ್ರಿ ಅನಬ್ಯಾಡ. ಕೈಲೆ ಹೇಳಲಿ."

ಮರುದಿನ ನಡುಸುರಂಗದಲ್ಲಿ ಪುಟ್ಟ ಗಡಿಗೆಯೊಂದನ್ನಿಟ್ಟು ದಪ್ಪನೆಯ ಬಟ್ಟೆ ಮುಚ್ಚಿದೆ. ಧ್ವನಿಪೆಟ್ಟಿಗೆಯಲ್ಲಿ ಸಾರಿದೆ. ಈ ವರ್ಷ ಇಳಿದಾಗಿನಿಂದ ನಾಯಿಗೆ ಕೊಟ್ಟ ಒಂದೊಂದು ಗುಳಿಗೆಗೂ ಒಂದೊಂದು ಜೋಳದ ಕಾಳು. ಲೆಕ್ಕ ಮರೆತವರು ಅಂದಾಜು ಹಾಕಲಿ. ಕೊಡದವರೂ ಬಂದು ಬರಿಗೈ ಹಾಕಿ ಹೋಗಲಿ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿರುತ್ತೇನೆ.

ಮೊದಲು ಯಾರೂ ಬರಲಿಲ್ಲ. ಆಮೇಲೆ ಒಂದು ಜೊತೆ ಹೆಜ್ಜೆ, ಬಟ್ಟೆ ಸರಿದ ಸದ್ದು, ಗಡಿಗೆಯ ತಳಕ್ಕೆ ಕಾಳು ಬಿದ್ದ ಸದ್ದು. ಎರಡು ಮೂರು ಕಾಳಿನ ಸದ್ದಲ್ಲ, ಹಿಡಿಯ ಸದ್ದು. ಮತ್ತೊಬ್ಬರು. ಮತ್ತೊಬ್ಬರು. ಕೆಲವರು ನಿಧಾನವಾಗಿ ಬೆರಳಿಂದ ಬಿಟ್ಟರು, ಕೆಲವರು ಒಮ್ಮೆಲೇ ಸುರಿದು ಓಡಿದರು. ಸದ್ದು ತಳದಿಂದ ಮೇಲಕ್ಕೆ ಬರುತ್ತ ಮೆತ್ತಗಾಯಿತು. ಕೊನೆಗೆ ಗೋಡೆ ಹಿಡಿದು ತಡವರಿಸುವ ನಡಿಗೆಯೊಂದು ಬಂತು. ಆ ನಡಿಗೆ ನನಗೆ ಗೊತ್ತು. ಸೆರಗಿನ ಗಂಟು ಬಿಚ್ಚುವುದು ಕೇಳಿತು. ಆಮೇಲೆ ಬಹಳ ಹೊತ್ತು ಕಾಳು ಸುರಿಯುವುದು ಕೇಳಿತು. ನಾನು ತಿರುಗಲಿಲ್ಲ.

ಎಲ್ಲರ ಮುಂದೆಯೇ ಬಟ್ಟೆ ತೆಗೆದೆವು. ಗಡಿಗೆ ಕಂಠದವರೆಗೆ ತುಂಬಿತ್ತು. ಯಂಕೋಬ ತಲೆಯ ಮೇಲೆ ಕೈಯಿಟ್ಟುಕೊಂಡ. ಒಂದು ನಾಯಿಗೆ ಇಡೀ ಊರು ಕೂಡಿ ಇಷ್ಟು ಉಣಿಸಿದ್ದು ಪ್ರತಿಯೊಬ್ಬರಿಗೂ ಅಲ್ಲೇ ಗೊತ್ತಾಯಿತು. ಬಿಳಿ ಜೋಳದ ಮೇಲೆ ಒಂದು ಪದರ ಹಸಿರಿತ್ತು. ಹೆಸರುಕಾಳು.

ನಮ್ಮ ಮನೆಯಲ್ಲಿ ಇಡೀ ಜೋಳ ಇರಲಿಲ್ಲ, ಬರೀ ಹಿಟ್ಟಿತ್ತು. ಹೆಸರುಕಾಳು ಮಾತ್ರ ನಮ್ಮ ಮನೆಯಲ್ಲಷ್ಟೇ ಇತ್ತು. ಮೊಳಕೆ ಕಟ್ಟಿ ಅಕ್ಕಪಕ್ಕದವರಿಗೆ ಕೊಡಲೆಂದು ನಾನೇ ತಂದದ್ದು. ಹುಸೇನಬಿ ಒಮ್ಮೆ ಗಡಿಗೆ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಬಟ್ಟೆಯನ್ನು ಮತ್ತೆ ಗಡಿಗೆಗೆ ಮುಚ್ಚಿದಳು.

ಗಡಿಗೆಯನ್ನು ಗಾಳಿಕೋಣೆಗೆ ತಂದೆ. ತೂಗಿ, ಒಂದು ಕಾಳಿನ ತೂಕದಿಂದ ಭಾಗಿಸಿದರೆ ಗುಳಿಗೆಯ ಲೆಕ್ಕ ಸಿಗುತ್ತದೆ. ಆದರೆ ಜೋಳದ ತೂಕ ಬೇರೆ, ಹೆಸರಿನ ತೂಕ ಬೇರೆ. ಬೇರ್ಪಡಿಸಲೇಬೇಕು. ಮೊರದಲ್ಲಿ ಸುರಿದುಕೊಂಡು ಒಂದೊಂದೇ ಹಸಿರನ್ನು ಆರಿಸಿ ಬದಿಗಿಟ್ಟೆ. ಬೇರೆ ಮನೆಗಳ ಕಾಳೆಲ್ಲ ಒಂದರಲ್ಲೊಂದು ಬೆರೆತು ಯಾರದೂ ಅಲ್ಲವಾಗಿದ್ದವು. ನಮ್ಮ ಮನೆಯದು ಮಾತ್ರ ಪ್ರತ್ಯೇಕ ಗುಡ್ಡೆಯಾಗಿ ಬೆಳೆಯಿತು. ಬೇರೆ ಯಾರೊಬ್ಬರೂ ಅಷ್ಟು ಕೊಟ್ಟಿರಲಾರರು. ಅತ್ತೆ ಈ ವರ್ಷ ಇಳಿದ ದಿನದಿಂದ ತನ್ನ ಪಾಲಿನ ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ಆಕೆಯ ತೊಡೆಯ ನೋವು ವಯಸ್ಸಿನದಲ್ಲ, ಸೊಸೆ ಎನ್ನಿಸಿಕೊಂಡ ನನಗೆ ಅದು ಕಾಣಲಿಲ್ಲ. ಅಳು ಬಂತು, ಅಳುತ್ತಲೇ ಆರಿಸಿದೆ.

ಲೆಕ್ಕ ಕೇಳಿ ಡಾಕ್ಟರ್ ತಸ್ಲೀಮಾ "ಅಲ್ಲಾ" ಎಂದರು. ಆಮೇಲೆ ಒಂದೇ ಉಸಿರಿಗೆ ಮದ್ದು ಹೇಳಿದರು. ರಕ್ತನಾಳದಲ್ಲಿ ಸಲೈನ್, ಉಚ್ಚೆ ಹೆಚ್ಚಿಸುವ ಮದ್ದು, ಕ್ಯಾಲ್ಸಿಯಂ ತಗ್ಗಿಸುವ ಮದ್ದು, ದಿನಾ ರಕ್ತಪರೀಕ್ಷೆ. ಕೊಬ್ಬಿನಲ್ಲಿ ಕೂತದ್ದು ವಾರಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅವರು ಹೇಳಿದ ಊಟ ಬಿಟ್ಟು ಹೊರಗಿನ ಒಂದು ತುತ್ತೂ ಹೋಗಬಾರದು. "ಕಡೀ ರೊಟ್ಟೀನೂ ಇಲ್ಲ. ಪ್ರೀತಿ ಇದ್ರ ಕೈ ಕಟ್ಟಿಕೊಂಡು ಕೂಡ್ರಿ ಅಂತ ಹೇಳ್ರಿ."

ಸಲೈನ್ ಮನುಷ್ಯರಿಗೆ ಇಟ್ಟದ್ದು ಎಂದು ಯಂಕೋಬ ತಕರಾರು ಮಾಡಿಯಾನೆಂದು ಜಗಳಕ್ಕೆ ಸಿದ್ಧಳಾಗಿ ಹೋದೆ. ಅವನು ಆಗಲೇ ಬಾಟಲಿ ತೂಗುಹಾಕಿ ನಾಯಿಯ ಮುಂಗಾಲಿನ ಕೂದಲು ಕತ್ತರಿಸುತ್ತಿದ್ದ. "ನನ್ನ ಕಾಳೂ ಆ ಗಡಗ್ಯಾಗ ಅದಾವ" ಎಂದ, ತಲೆ ಎತ್ತದೆ. ಅವನಿಂದಲೇ ಅತ್ತೆಯ ರಕ್ತವನ್ನೂ ಪರೀಕ್ಷೆ ಮಾಡಿಸಿದೆ. ಒಂದೇ ಯಂತ್ರ, ಒಂದೇ ದಿನ. ನಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಇರಬಾರದಷ್ಟು, ಅತ್ತೆಯ ರಕ್ತದಲ್ಲಿ ಇರಬೇಕಾದಷ್ಟೂ ಇಲ್ಲ.

ಮನೆಗೆ ಬಂದಾಗ ಅತ್ತೆಯೇ ಕೇಳಿದಳು. "ಹಸರು ಎಷ್ಟಾದವು?"

"ಬಾಳ ಆದವು."

"ನಿನಗ ಗೊತ್ತಾಗಲಿ ಅಂತನ ಅವನ್ನ ಹಾಕಿದೆ. ಬಾಯಿಲೆ ಹೇಳೋ ಧೈರ್ಯ ಆಗಲಿಲ್ಲ." ಆಕೆಯ ಕೈ ಖಾಲಿ ಹಗ್ಗವನ್ನು ತಿರುವುತ್ತಿತ್ತು. "ನಾ ಮುದುಕಿ, ನನಗ್ಯಾಕ ಬಿಸಿಲು ಅಂದ್ಕೊಂಡೆ. ಅದಕರ ಕಾಲಾಗ ಬಲ ಇರಲಿ, ಅದು ನಡದ್ರ ತಾನ ನಾ ನಡಿಯೂದು? ಆಸಿ ಬುರುಕಿ ನಾ. ಪುಣ್ಯಕ್ಕ ಕೊಡಲಿಲ್ಲ ಹುಲಿಗಿ, ನನ್ನ ಕಾಲಿಗೆ ಕೊಟ್ಟೆ."

ಡಬ್ಬಿಯಿಂದ ಒಂದು ಗುಳಿಗೆ ತೆಗೆದು ಆಕೆಯ ಅಂಗೈಯಲ್ಲಿಟ್ಟೆ.

ದಿನಗಳು ಒಂದರ ಮೇಲೊಂದು ಬಿದ್ದವು. ಬುತ್ತಿ ಸಾಯಲಿಲ್ಲ, ಏಳಲೂ ಇಲ್ಲ. ಅತ್ತೆ ಅದರ ಪಕ್ಕ ಗೋಡೆಗೆ ಒರಗಿ ಕೂತಿರುತ್ತಿದ್ದಳು, ನಾಯಿ ಬರುವ ಮೊದಲು ಕೂತಿದ್ದಂತೆಯೇ. ಪರದೆಯ ಕೆಂಪು ನಿಧಾನವಾಗಿ ಹಳದಿಯಾಯಿತು. ಮೂತ್ರಪಿಂಡ ಸ್ವಲ್ಪ ಕೆಟ್ಟೇ ಇರುತ್ತದೆ, ಜೀವಮಾನವಿಡೀ ನೀರು ಹೆಚ್ಚು ಬೇಕು ಎಂದರು ಡಾಕ್ಟರು. ಊರಲ್ಲಿ ಕಡೆಯ ರೊಟ್ಟಿ ಮಾಡುವುದು ನಿಂತಿತು. ಕೊಣಮಿಗಿ ಕೆರೆದ ಹಿಟ್ಟನ್ನು ಏನು ಮಾಡಬೇಕೋ ತಿಳಿಯದೆ ಹೆಂಗಸರು ಸುಮ್ಮನೆ ಕೂರುತ್ತಿದ್ದರಂತೆ.

ದಿನಾ ನಾನೇ ಅತ್ತೆಯ ಬಾಯಿಗೆ ಗುಳಿಗೆ ಹಾಕತೊಡಗಿದೆ. ಎಣ್ಣೆಯ ವಾಸನೆಗೆ ಬುತ್ತಿ ಕತ್ತೆತ್ತಿ ಬಾಲ ಬಡಿಯುತ್ತಿತ್ತು, ಕುಂಯ್ ಎನ್ನುತ್ತಿತ್ತು. ತನ್ನ ಪಾಲು ಎಲ್ಲಿ ಎಂದು ಕೇಳುತ್ತಿತ್ತು. ಅತ್ತೆ ಅದರ ಮೂಗಿನ ಮುಂದೆ ಬರಿಗೈ ಚಾಚಿ, "ಇಲ್ಲೋ ಮಗನ, ಇದು ನಂದು" ಎಂದು ನುಂಗುತ್ತಿದ್ದಳು. ನುಂಗುವಾಗ ಪ್ರತಿ ಸಲ ಆಕೆಯ ಮುಖ ಕಹಿ ತಿಂದಂತಾಗುತ್ತಿತ್ತು.

ಮಿರಗದ ಮಳೆ ಈ ಸಲ ತಡವಾಯಿತು. ಬಾಗಿಲು ತೆರೆಯುವ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ಬುತ್ತಿ ತಾನಾಗಿ ಎದ್ದು ನಿಂತು ಮೈ ಕೊಡವಿತು. ಅತ್ತೆಗೆ ಕಾಣಲಿಲ್ಲ, ಕೇಳಿತು. ಹಗ್ಗ ಕಟ್ಟಿದಳು. ಕಟ್ಟಿ, ಸುಮ್ಮನೆ ನಿಂತಳು.

"ಯಾಕ, ಹೋಗು" ಎಂದೆ.

"ಎಲ್ಲಿಗಿ ಹೋಗ್ತದ? ಯಾರ ಮನ್ಯಾಗೂ ಏನೂ ಇಲ್ಲ ಅದಕ್ಕ. ರೊಟ್ಟಿ ಆಸಿಗೆ ನಡೀತಿತ್ತು ಅದು, ನಾ ಹಿಂದ ಜೋತು ಬಿದ್ದಿದ್ದೆ."

ಆಕೆ ಹೇಳಿದ್ದು ಸುಳ್ಳಲ್ಲ ಎಂದು ನನಗೂ ಅನ್ನಿಸಿತು. ಆದರೂ ಆಕೆ ಕೊನೆಗೆ ಮೆಲ್ಲಗೆ "ನಡಿ" ಎಂದಳು. ನಾನು ಹಿಂದೆ ಹಿಂದೆ ಹೋದೆ.

ಬುತ್ತಿ ಸಪೂರ ಕಾಲು ಎಳೆಯುತ್ತ ಹುಸೇನಬಿಯ ಬಾಗಿಲಿಗೆ ಹೋಗಿ ನಿಂತಿತು. ಹುಸೇನಬಿ ಹೊರಗೆ ಬಂದಳು. ಕೈ ಅಭ್ಯಾಸದಂತೆ ಮುಂದೆ ಬಂತು, ಖಾಲಿ ಇತ್ತು. ಅದನ್ನೇ ನಾಯಿಯ ತಲೆಯ ಮೇಲಿಟ್ಟಳು. "ಕುಂದ್ರು ಅಂಬಕ್ಕ" ಎಂದಳು. ಬುತ್ತಿ ಆ ಕೈಯನ್ನು ಮೂಸಿತು, ನೆಕ್ಕಿತು, ಕೂತಿತು. ಮಾತು ಮುಗಿದ ಮೇಲೆ ಎದ್ದಿತು.

ಇನ್ನು ಮನೆಗೆ ತಿರುಗುತ್ತದೆ ಎಂದುಕೊಂಡೆ. ತಿರುಗಲಿಲ್ಲ. ಹಗ್ಗವನ್ನು ಮೆತ್ತಗೆ ಎಳೆಯಿತು. ಏನೂ ಸಿಗದ ಆ ಬಾಗಿಲಿನಿಂದ, ಏನೂ ಸಿಗದ ಮುಂದಿನ ಬಾಗಿಲಿಗೆ ನಮ್ಮತ್ತೆಯನ್ನು ಕರೆದುಕೊಂಡು ಹೋಯಿತು.